ಇನ್‌ಪೆಂಗನ ಗೋರುಬಲೆ

ಆ ಜೋಡಿಯ ಸುದ್ದಿ ಲತ್ಸಮಿಯ ಕಿವಿಗೆ ಮೊದಲು ಬಿದ್ದಾಗ ಅವಳು ಹಿತ್ತಲಲ್ಲಿ ಹೊದಿಕೆ ಹಿಂಡುತ್ತಿದ್ದಳು. ಬೇಲಿಯಾಚೆಯಿಂದ ಚಂತಲಾಳ ದನಿ ಬಂತು, ಅದರ ಹಿಂದೆ ಚಂತಲಾ ಬಂದಳು. ಅವಳು ಯಾವಾಗಲೂ ಹಾಗೆಯೇ. ದನಿ ಮುಂದೆ, ಆಳು ಹಿಂದೆ. ಲತ್ಸಮಿಗೆ ಅವಳು ತಮ್ಮನ ಹೆಂಡತಿ. ಪಕ್ಕದ ಮನೆಯನ್ನು ಎರಡು ಅಂತಸ್ತು ಮಾಡಿ ಫರಂಗಿಯವರಿಗೆ ಕೋಣೆ ಕೊಡುತ್ತಿದ್ದಳು. ಆ ಕೋಣೆಗಳ ಕೊಳೆಬಟ್ಟೆಯೆಲ್ಲ ಲತ್ಸಮಿಯ ಪಾಲಿಗೆ ಬರುತ್ತಿತ್ತು.

"ಅಕ್ಕಾ, ಇವತ್ತು ಬಂದಿರೋ ಜೋಡೀನ ನೋಡ್ಬೇಕು ನೀನು. ಎರಡು ಕೊಕ್ಕರೆ ಕಣಕ್ಕಾ. ಇಬ್ರೂ ಬಾಗಿಲಿಗೆ ತಲೆ ಬಡ್ಕೊಂಡೇ ಒಳಗೆ ಹೋದ್ರು."

"ಮದುವೆ ಆದೋರಾ?"

"ನಾನೇನು ಅವರ ಹಸೆ ನೋಡೋಕೆ ಹೋಗಿದ್ನಾ? ಒಂದೇ ಮಂಚ ಸಾಕು ಅಂದ್ರು. ಬಟ್ಟೇನೂ ಒಂದೇ ಮೂಟೆ. ಅವನ್ದು ಯಾವ್ದು ಅವಳ್ದು ಯಾವ್ದು ಅಂದ್ರೆ ಮುಖ ಮುಖ ನೋಡ್ಕೊಂಡು ನಗ್ತಾರೆ. ತಗೋ, ನಿನ್ನ ಹಣೆಬರಹ."

ಲತ್ಸಮಿಗೆ ನಗು ಬರಲಿಲ್ಲ. ಬಟ್ಟೆ ಒಗೆಯುವವಳಿಗೆ ಇದು ನಗುವ ವಿಷಯವಲ್ಲ. ಗಂಡಸರ ಬಟ್ಟೆಗೆ ಒಂದು ಬೋಗುಣಿ, ಹೆಂಗಸರ ಬಟ್ಟೆಗೆ ಇನ್ನೊಂದು. ಗಂಡಸರದು ಮೇಲಿನ ತಂತಿಗೆ, ಹೆಂಗಸರ ಸಿನ್ ಲಂಗ ಬೇಲಿಯ ಪಕ್ಕದ ಕೆಳತಂತಿಗೆ. ಒಗೆದು ಹಾಕಿದ ಸಿನ್ ಕೆಳಗೆ ಗಂಡಸು ಹಾದುಹೋದರೆ ಅವನ ತೇಜಸ್ಸು ಇಳಿದುಹೋಗುತ್ತದೆ. ಫರಂಗಿಯವನಾದರೇನು, ಗಂಡಸು ಗಂಡಸೇ ತಾನೇ. ಆದರೆ ಈ ಮೂಟೆಯಲ್ಲಿ ಎಲ್ಲ ಅಂಗಿಯೂ ಒಂದೇ ಅಳತೆ, ಎಲ್ಲ ಚಡ್ಡಿಯೂ ಒಂದೇ ಅಳತೆ. ಕೊನೆಗೆ ಅವಳೊಂದು ಉಪಾಯ ಮಾಡಿದಳು. ಬೇಲಿಯ ಸಂದಿಯಿಂದ ನೋಡುವುದು, ಹುಡುಗಿಯ ಮೈಮೇಲೆ ಕಂಡದ್ದು ಹುಡುಗಿಯದು, ಉಳಿದದ್ದು ಹುಡುಗನದು. ಅಂದು ಸಂಜೆ ಹುಡುಗಿ ನೀಲಿ ಪಟ್ಟೆಯ ಅಂಗಿ ಹಾಕಿಕೊಂಡು ಹೊಳೆಯ ಕಡೆ ಹೋದಳು. ನೀಲಿ ಪಟ್ಟೆ ಹುಡುಗಿಯದು ಎಂದು ಲತ್ಸಮಿ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಲಾವೋ ನಾಡಿನ ವಾಂಗ್ ವಿಯೆಂಗಿನಲ್ಲಿ ಆ ವರ್ಷಗಳು ಹಾಗಿದ್ದವು. ಮೇಲಿನ ತಿರುವಿನಿಂದ ಊರಿನ ತನಕ ಸೊಂಗ್ ಹೊಳೆಯ ಎರಡೂ ದಡಕ್ಕೆ ಬಿದಿರಿನ ಅಟ್ಟಗಳು, ಅಟ್ಟದ ಮೇಲೆ ಸಾರಾಯಿ ಅಂಗಡಿ, ಅಂಗಡಿಯ ಮುಂದೆ ಆಳೆತ್ತರದ ಸೌಂಡ್ ಬಾಕ್ಸ್. ಲಾರಿ ಚಕ್ರದ ಟ್ಯೂಬಿನ ಮೇಲೆ ಮಲಗಿ ಫರಂಗಿ ಮಕ್ಕಳು ತೇಲಿ ಬರುತ್ತಿದ್ದರು. ಅಂಗಡಿಯವರು ಹಗ್ಗ ಎಸೆದು ಮೀನು ಎಳೆದಂತೆ ಅವರನ್ನು ದಡಕ್ಕೆ ಎಳೆದುಕೊಳ್ಳುತ್ತಿದ್ದರು. ಸದ್ದು ಹಿತ್ತಲಿನ ತನಕ ಬಂದು, ಬೋಗುಣಿಯ ಸೋಪಿನ ನೀರು ಸಣ್ಣಗೆ ನಡುಗುತ್ತಿತ್ತು. ಟ್ಯೂಬು ಬಾಡಿಗೆಗೆ ಕೊಡುವ ಸರದಿ ಊರಿನ ಮನೆಮನೆಗೂ ಬರುತ್ತಿದ್ದುದರಿಂದ ಯಾರೂ ಬಾಯಿಬಿಡುತ್ತಿರಲಿಲ್ಲ. ಎತ್ತುಗಳು ಮಾತ್ರ ಹೊಳೆಗೆ ಇಳಿಯಲು ಹಟಮಾಡುತ್ತಿದ್ದವು.

ಆ ಸದ್ದಿಗೂ ಲತ್ಸಮಿಗೂ ಒಂದು ಹೋಲಿಕೆಯಿತ್ತು. ಎರಡೂ ನಿಲ್ಲುತ್ತಿರಲಿಲ್ಲ. ಅವಳು ಕೂತಿದ್ದನ್ನು ಕಂಡವರು ಕಡಿಮೆ. ಉಣ್ಣುವಾಗಲೂ ಅಂಟಕ್ಕಿ ಅನ್ನದ ಬುಟ್ಟಿಯನ್ನು ಕಂಕುಳಲ್ಲಿ ಅವುಚಿಕೊಂಡು ಒಲೆಯ ಮುಂದೆ ಒಂದು ತುತ್ತು, ತಂತಿಯ ಕೆಳಗೆ ಒಂದು ತುತ್ತು, ಗೇಟಿನ ಹತ್ತಿರ ಒಂದು ತುತ್ತು. ಮಲಗಿದರೆ ಪಾದಗಳು ಹೊದಿಕೆಯೊಳಗೇ ನಡೆಯುತ್ತಿದ್ದವು. ಮದುವೆಯ ಹೊಸತರಲ್ಲಿ ಅವಳು ಹೀಗಿರಲಿಲ್ಲ. ಆಗ ಅತ್ತೆ ಅವಳನ್ನು ಕೊರಡು ಎಂದು ಕರೆಯುತ್ತಿದ್ದಳು, ಕೂತರೆ ಏಳುವುದಿಲ್ಲ ಎಂದು.

ಗಂಡ ಇನ್‌ಪೆಂಗ್ ಹೋದ ಮೇಲೆ ಆದದ್ದು ಇದು. ಮಳೆಗಾಲದ ಕೊನೆಯಲ್ಲಿ ಬಿದಿರ ಸೇತುವೆಯ ಕೆಳಗೆ ಅವನು ಮಂಡಿಯುದ್ದದ ನೀರಿನಲ್ಲಿ ನಿಂತು ಮೀನು ಗೋರುತ್ತಿದ್ದ. ಅವಳು ದಡದಲ್ಲಿ ಅಡುಗೆಗೆಂದು ಹೊಳೆಪಾಚಿ ತೊಳೆಯುತ್ತಿದ್ದಳು. ಏನೋ ಹೇಳಲು ಅವನು ತಿರುಗಿದ, ಹಾಗೇ ಕುಸಿದ. ಅವಳು ನೀರಿಗೆ ಹಾರಿ, ಕಲ್ಲಿಗೆ ಎಡವಿ, ಮುಳುಗಿ ಎದ್ದು ಎಳೆದುಕೊಂಡು ಬಂದಳು. ದಡಕ್ಕೆ ಬಂದದ್ದು ಬರೀ ಮೈ. ಅವನ ಬಲೆ ತೇಲಿಹೋಗಿ ಸೇತುವೆಯ ಗೂಟಕ್ಕೆ ಸಿಕ್ಕಿಕೊಂಡಿತ್ತು. ಎಲ್ಲರೂ ಅಳುತ್ತಿದ್ದಾಗ ಅವಳು ಮತ್ತೆ ನೀರಿಗಿಳಿದು ಅದನ್ನು ತಂದಳು. ಅವಳು ನಿಂತಲ್ಲಿ ನಿಲ್ಲದವಳಾದದ್ದು ಅಂದಿನಿಂದ.

ಆ ಬಲೆ ಈಗಲೂ ಸೂರಿನ ಕೆಳಗೆ ತೂಗುತ್ತಿತ್ತು. ಬಿದಿರ ಬಳೆಗೆ ಹೆಣೆದ, ಮೊರದಷ್ಟು ಅಗಲದ, ಉದ್ದ ಹಿಡಿಕೆಯ ಗೋರುಬಲೆ. ಹುಣ್ಣಿಮೆ ಅಮಾವಾಸ್ಯೆಯ ಮುನ್ನಾದಿನ ಅವಳು ಅದರಲ್ಲಿ ಒಂದು ಹಿಡಿ ಸಣ್ಣ ಮೀನು ಗೋರಿ, ಬಾಳೆ ಎಲೆಯಲ್ಲಿ ಬೇಯಿಸಿ, ಬೆಳಗ್ಗೆ ಭಿಕ್ಷುಗಳ ಪಾತ್ರೆಗೆ ಹಾಕಿ ಇನ್‌ಪೆಂಗನ ಹೆಸರಿನಲ್ಲಿ ನೀರು ಬಿಡುತ್ತಿದ್ದಳು. ಪೇಟೆಯ ಮೀನು ಅವಳಿಗೆ ಆಗುತ್ತಿರಲಿಲ್ಲ. ತನ್ನ ಬಲೆಯ ಮೀನಾದರೆ ಅವನಿಗೆ ರುಚಿ ಗೊತ್ತಾಗುತ್ತದೆ, ಇನ್ನೂ ಮನೆಯಲ್ಲಿ ನೆನೆಯುತ್ತಾರೆಂದು ತಿಳಿಯುತ್ತದೆ ಎಂದು ಅವಳ ಲೆಕ್ಕ. ಬಲೆಯ ವಿಷಯದಲ್ಲಿ ಅವಳಿಗೆ ಅತಿ ಮಡಿ. ಹೆಂಗಸರ ಸಿನ್ ತಾಗಿದ ಬಲೆಗೆ ಆಮೇಲೆ ಮೀನು ಬೀಳುವುದಿಲ್ಲವಷ್ಟೆ. ಅದಕ್ಕೇ ಹಿಡಿಕೆಯನ್ನು ಕೈಚಾಚಿ ದೂರ ಹಿಡಿದು, ಸಿನ್ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ, ಕಳ್ಳಿಯಂತೆ ಓರೆಯಾಗಿ ನಡೆಯುತ್ತಿದ್ದಳು.

ಅದೇ ಬಲೆಯಲ್ಲಿ ಅವಳು ಖ್ವಾನ್ ಕೂಡ ಗೋರುತ್ತಿದ್ದಳು. ಮನುಷ್ಯನ ಮೈಯಲ್ಲಿ ಮೂವತ್ತೆರಡು ಖ್ವಾನ್ ಇರುತ್ತವೆ. ಬಲು ಅಂಜುಬುರುಕ ಜೀವಗಳು. ಮರದಿಂದ ಬಿದ್ದರೆ, ಬೈಕಿನಿಂದ ಉರುಳಿದರೆ, ಹೊಳೆಯಲ್ಲಿ ಮುಳುಗಿ ನೀರು ಕುಡಿದರೆ ಒಂದು ಹಾರಿ ಅಲ್ಲೇ ಉಳಿದುಬಿಡುತ್ತದೆ. ಮೈ ಎದ್ದು ಮನೆಗೆ ಬರುತ್ತದೆ, ಖ್ವಾನ್ ಬರುವುದಿಲ್ಲ. ಬಿದ್ದ ಜಾಗಕ್ಕೇ ಹೋಗಿ, ಬಿದ್ದವರ ಬಟ್ಟೆಯನ್ನು ಬಲೆಯಲ್ಲಿಟ್ಟು, ಹೆಸರು ಹಿಡಿದು ಕರೆದು ಗೋರಿ ತರಬೇಕು. ಕರೆಯುವ ಮಾತನ್ನು ಅತ್ತೆ ಅವಳಿಗೆ ಕಲಿಸಿದ್ದಳು. ಅತ್ತೆ ಮಗನ ಹಿಂದೆಯೇ ಹೋದಳು. ಆ ಕೇರಿಯಲ್ಲಿ ಖ್ವಾನ್ ಗೋರಲು ಬಲ್ಲವಳಾಗಿ ಆಮೇಲೆ ಉಳಿದವಳು ಲತ್ಸಮಿಯೊಬ್ಬಳೇ. ತನ್ನ ಖ್ವಾನ್ ತಾನೇ ಗೋರಿಕೊಳ್ಳಲಾಗದು, ತನ್ನ ಜಡೆ ಹಿಡಿದು ತನ್ನನ್ನೇ ಬಾವಿಯಿಂದ ಎತ್ತಲಾಗದ ಹಾಗೆ.

ಹುಡುಗಿಯ ಹೆಸರು ಫೆಮ್ಕೆ, ಹುಡುಗ ಯೋರಿಸ್. ಹಾಲೆಂಡಿನವರಂತೆ. ಯೋರಿಸ್ ಮೊಳೆಯ ಮೇಲೆ ಕೂತವನಂತೆ ಇರುತ್ತಿದ್ದ. ಬಂದ ದಿನವೇ ಮುಂದಿನ ಊರಿನ ಬಸ್ಸು ಯಾವಾಗ ಎಂದು ಕೇಳಿದ. ಉಣ್ಣುವಾಗ ನಕ್ಷೆ, ಹಲ್ಲುಜ್ಜುವಾಗ ನಕ್ಷೆ. ಫೆಮ್ಕೆ ಹಾಗಲ್ಲ. ಬೇಲಿ ದಾಟಿ ಬಂದು ಬೋಗುಣಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತಿದ್ದಳು. ಹಿಂಡಲು ಹೊದಿಕೆಯ ಒಂದು ತುದಿ ಹಿಡಿಯುತ್ತಿದ್ದಳು, ಅದನ್ನೂ ತಿರುವುಮುರುವಾಗಿ ತಿರುಚುತ್ತಿದ್ದಳು. ಲತ್ಸಮಿ ಕೈಮೇಲೆ ಹೊಡೆದು ತೋರಿಸಿಕೊಟ್ಟಳು. ಫೆಮ್ಕೆ ಚಂತಲಾಳಿಂದ ಕೇಳಿ ತಿಳಿದು 'ಅಮ್ಮ' ಎನ್ನುವುದನ್ನು ಲಾವೋ ಮಾತಿನಲ್ಲಿ ಕಲಿತಳು. ಅಷ್ಟು ಉದ್ದದ ಹುಡುಗಿ ಬಾಯಿತುಂಬ ಅಮ್ಮ ಎನ್ನುವಾಗ ಲತ್ಸಮಿಗೆ ನಾಚಿಕೆಯಾಗಿ, ಇಲ್ಲದ ಕೆಲಸ ಹುಡುಕಿಕೊಂಡು ಒಳಗೆ ಹೋಗುತ್ತಿದ್ದಳು.

ಫೆಮ್ಕೆ ಪೇಟೆಯಿಂದ ಒಂದು ಸಿನ್ ತಂದು, ಉಡಲು ಬಾರದೆ ಒದ್ದಾಡಿದಾಗ ಉಡಿಸಿದವಳೂ ಲತ್ಸಮಿಯೇ. ಕಪ್ಪು ಬಟ್ಟೆ, ಅಂಚಿನಲ್ಲಿ ಕೆಂಪು ನಾಗ. ಅದು ಅವಳ ಮಂಡಿಯ ಕೆಳಗೆ ಇಳಿಯಲಿಲ್ಲ.

"ನಮ್ಮೂರ ಸಿನ್ ಇವಳಿಗೆ ಟವೆಲ್ಲು!" ಎಂದು ಚಂತಲಾ ಹೊಟ್ಟೆ ಹಿಡಿದು ನಕ್ಕಳು. ಫೆಮ್ಕೆ ಅದನ್ನೇ ಉಟ್ಟುಕೊಂಡು ದೇವಾಲಯಕ್ಕೆ ಹೋಗಿಬಂದಳು.

ಫೆಮ್ಕೆ ಹೊಳೆಗೆ ಬಿದ್ದದ್ದು ಅದಾದ ಮೇಲೆ. ಮೇಲಿನ ತಿರುವಿನಲ್ಲಿ ಸೋಮ್‌ಫೆಟ್ ಎಂಬವನ ಅಟ್ಟವಿತ್ತು. ಹಿಂದೆ ಇನ್‌ಪೆಂಗನ ಜೊತೆಯಲ್ಲೇ ಮೀನು ಹಿಡಿಯುತ್ತಿದ್ದವನು, ಈಗ ಮರಕ್ಕೆ ಹಗ್ಗ ಕಟ್ಟಿ ಜೋಕಾಲಿ ಮಾಡಿದ್ದ. ಅಲ್ಲಿಂದ ಜಿಗಿದವಳು ಮಡುವಿನಲ್ಲಿ ಎದೆಯಡಿಯಾಗಿ ಬಿದ್ದು, ಮೇಲೆ ಬರಲೇ ಇಲ್ಲ. ಸೋಮ್‌ಫೆಟ್ ತಾನೇ ಹಾರಿ ಎಳೆದು ಹಾಕಿದ. ನೀರು ಕಕ್ಕಿದಳು, ಉಸಿರಾಡಿದಳು. ಆಸ್ಪತ್ರೆಯಲ್ಲಿ ನೋಡಿ, ಏನೂ ಮುರಿದಿಲ್ಲ, ಎಲ್ಲ ಸರಿಯಿದೆ ಎಂದರು.

ಎಲ್ಲ ಸರಿಯಿರಲಿಲ್ಲ. ಫೆಮ್ಕೆ ಉಣ್ಣಲಿಲ್ಲ. ಕೂತರೆ ಏಳುತ್ತಿದ್ದಳು, ಎದ್ದರೆ ಗೇಟಿಗೆ ಹೋಗುತ್ತಿದ್ದಳು, ಗೇಟಿನಿಂದ ಬೇಲಿಗೆ, ಬೇಲಿಯಿಂದ ಮತ್ತೆ ಗೇಟಿಗೆ. ಚಮಚ ಬಿದ್ದರೆ ಬೆಚ್ಚಿಬೀಳುತ್ತಿದ್ದಳು. ಹಿತ್ತಲಿಗೆ ಬಂದು ಹೊದಿಕೆಯ ತುದಿ ಹಿಡಿದವಳು ಹಿಂಡುವುದನ್ನು ಮರೆತು ಅದನ್ನು ಹಿಡಿದುಕೊಂಡೇ ನಡೆದುಬಿಟ್ಟಳು. ಒದ್ದೆ ಬಟ್ಟೆ ಮಣ್ಣಿನಲ್ಲಿ ಎಳೆದುಕೊಂಡು ಹೋಯಿತು. ಲತ್ಸಮಿ ಬೈಯಲಿಲ್ಲ. ಆ ನಡಿಗೆಯ ಗುರುತು ಅವಳಿಗೆ ಚೆನ್ನಾಗಿತ್ತು.

"ಚಂತಲಾ, ಈ ಹುಡುಗೀದು ಒಂದು ಖ್ವಾನ್ ಮಡುವಲ್ಲಿ ಉಳಿದಿದೆ," ಎಂದಳು.

"ಉಳೀಲಿ ಬಿಡಕ್ಕಾ. ನಾಳಿದ್ದು ಬೆಳಗ್ಗೆ ಬಸ್ಸಿಗೆ ಹೊರಟ್ರು. ಆ ಹುಡುಗ ಚೀಲ ಕಟ್ಟಿ ಕೂತಿದಾನೆ."

"ಅದಕ್ಕೇ ಹೇಳ್ತಿರೋದು. ಇವಳು ಬಸ್ಸು ಹತ್ತಿದ್ರೆ ಅದು ಇಲ್ಲೇ ಕೂತ್ಬಿಡುತ್ತೆ. ಆಮೇಲೆ ಸಮುದ್ರ ದಾಟಿ ಅದು ಹ್ಯಾಗೆ ಹುಡುಕ್ಕೊಂಡು ಹೋಗುತ್ತೆ? ಪಾಸ್‌ಪೋರ್ಟ್ ಮಾಡಿಸ್ಕೊಡ್ತೀಯಾ ನೀನು?"

ಚಂತಲಾ ಬೆರಳೂ ಕಣ್ಣೂ ಆಡಿಸುತ್ತ ತನಗೆ ಬರುವ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು. ಯೋರಿಸ್ ಗಡಿಯಾರ ನೋಡಿಕೊಂಡ. ಫೆಮ್ಕೆ ಎರಡು ಸಲ ತಲೆಯಾಡಿಸಿದಳು.

"ಮನೆ ಎಲ್ಲಿ ಅಂತ ಕೇಳು. ಯಾವ ಮನೆಗೆ ಬಾ ಅಂತ ಕರೀಲಿ?"

ಚಂತಲಾ ಕೇಳಿ, ಕಣ್ಣರಳಿಸಿದಳು. "ಮನೆ ಇಲ್ವಂತೆ ಅಕ್ಕಾ! ಬಾಡಿಗೆ ಮನೆ ಬಿಟ್ಟು, ಸಾಮಾನೆಲ್ಲ ಮಾರಿ ಬಂದಿದಾರಂತೆ. ಈಗ ಏನಿದ್ರೂ ಆ ಎರಡು ಚೀಲ."

 ಮನೆಯಿಲ್ಲದವರಿಗೆ ತೊಟ್ಟ ಬಟ್ಟೆಯೇ ಮನೆ. ಲತ್ಸಮಿ ಕೈಚಾಚಿ ಕೆಳತಂತಿಯಿಂದ ನೀಲಿ ಪಟ್ಟೆಯ ಅಂಗಿ ತೆಗೆದುಕೊಂಡಳು.

ಬೆಳಗ್ಗೆ ಮಂಜು ಇನ್ನೂ ಸುಣ್ಣದ ಕಲ್ಲಿನ ಗುಡ್ಡಗಳಿಗೆ ಅಂಟಿಕೊಂಡಿತ್ತು. ಅವಳು ಬಲೆ ಹಿಡಿದು, ಚಂತಲಾ ಮೊಟ್ಟೆ, ಅನ್ನದ ಉಂಡೆ, ಬಿಳಿ ನೂಲು ಹಿಡಿದು ಮಡುವಿಗೆ ಹೋದರು. ಸೋಮ್‌ಫೆಟ್ ಅಟ್ಟ ಗುಡಿಸುತ್ತಿದ್ದ. ಕೇಳದೆಯೇ ಹಾಡು ನಿಲ್ಲಿಸಿದ. ಇದ್ದಕ್ಕಿದ್ದಂತೆ ಹೊಳೆಯ ಸದ್ದು ಕೇಳಿಸಿ ಎಲ್ಲರಿಗೂ ಏನೋ ಮುಜುಗರವಾಯಿತು.

"ಬಾರೇ ಖ್ವಾನೇ, ಬಾ," ಎಂದು ಲತ್ಸಮಿ ನೀರಿಗೆ ಬಾಗಿದಳು. "ಬಂಡೆ ಸಂದೀಲಿದ್ರೂ ಬಾ, ಪಾಚಿ ಅಡೀಲಿದ್ರೂ ಬಾ. ಮೀನಿನ ಜೊತೆ ನಿಂಗೇನು ಮಾತು? ಅನ್ನ ಬಿಸಿಯಾಗಿದೆ, ಅಂಗಿ ಒಣಗಿದೆ, ಈ ಅಂಗಿಗೆ ಬಾ." ಮೂರು ಸಲ ಗೋರಿ, ಅಂಗಿಯನ್ನು ಮುದುರಿ ಎದೆಗೆ ಅವುಚಿಕೊಂಡಳು. ಇನ್ನು ಮನೆ ಮುಟ್ಟುವ ತನಕ ಮಾತಾಡುವ ಹಾಗಿಲ್ಲ, ಹಿಂದೆ ನೋಡುವ ಹಾಗಿಲ್ಲ. ಮಾತಾಡಿದರೆ ಗಾಬರಿಯಾಗಿ ಓಡಿಹೋಗುತ್ತದೆ.

ಅವತ್ತೇ ಊರಿಗೆಲ್ಲ ಅವಳ ಮೇಲೆ ಪ್ರೀತಿ ಉಕ್ಕಿ ಬಂತು. "ಎಲ್ಲಿಗೆ ಹೋಗಿದ್ದೆ ಅತ್ತೇ?" ಎಂದು ನೂಡಲ್ಸ್ ಅಂಗಡಿಯವಳು. "ನನ್ನ ಹೊದಿಕೆ ಆಯ್ತಾ?" ಎಂದು ಇನ್ನೊಬ್ಬಳು. "ಕಿವುಡಾಯ್ತೇನೋ ಪಾಪ, ಆ ಸೌಂಡ್ ಬಾಕ್ಸಿಗೆ" ಎಂದು ಒಬ್ಬ ಮುದುಕ. ಲತ್ಸಮಿ ತುಟಿ ಕಚ್ಚಿಕೊಂಡು ನಡೆದಳು. ಬಾಯಿ ಮುಚ್ಚಿಕೊಂಡು ಅಷ್ಟು ದೂರ ನಡೆದು ಚಂತಲಾಳ ಮುಖ ಕೆಂಪಡರಿತು.

ಫೆಮ್ಕೆಗೆ ಅಂಗಿ ತೊಡಿಸಿ, ಅವಳ ಮುಂಗೈಗೂ ಯೋರಿಸ್‌ನ ಮುಂಗೈಗೂ ಬಿಳಿ ನೂಲು ಕಟ್ಟಿದರು. ಸಾಮಾನ್ಯವಾಗಿ ಅಷ್ಟರಲ್ಲೇ ಮಕ್ಕಳು ಆಕಳಿಸುತ್ತವೆ, ಅನ್ನ ಕೇಳುತ್ತವೆ. ಫೆಮ್ಕೆ ಅನ್ನ ಮುಟ್ಟಲಿಲ್ಲ. ಎದ್ದು ಗೇಟಿಗೆ ಹೋದಳು.

ಆಕಳಿಸಿದವನು ಯೋರಿಸ್. ಅನ್ನದ ಬುಟ್ಟಿಗೆ ಕೈಹಾಕಿದವನು ಅದನ್ನು ಬರಿದು ಮಾಡಿದ. ಪರಂಗಿಕಾಯಿ ಕುಟ್ಟಿದ್ದನ್ನು ತಿಂದ, ಕೊಳೆಸಿದ ಮೀನಿನ ರಸವನ್ನು ಬೆರಳಲ್ಲಿ ನೆಕ್ಕಿದ. ಫೆಮ್ಕೆಗೆಂದು ಇಟ್ಟ ಮೊಟ್ಟೆಯನ್ನೂ ಸುಲಿದು ಬಾಯಿಗೆ ಹಾಕಿಕೊಂಡ. ಆಮೇಲೆ ಚಾಪೆಯ ಮೇಲೆ ಉದ್ದಕ್ಕೆ ಬಿದ್ದು ಗೊರಕೆ ಹೊಡೆದ. ನಕ್ಷೆ ಗಾಳಿಗೆ ಹಾರಿ ಕೋಳಿಗೂಡಿಗೆ ಹೋದರೂ ಏಳಲಿಲ್ಲ. ಮಧ್ಯಾಹ್ನ ಎದ್ದವನು ಗುಡ್ಡ ನೋಡುತ್ತ ನಿಧಾನಕ್ಕೆ ಏನೋ ಹೇಳಿದ.

"ಏನಂತೆ?" ಎಂದಳು ಲತ್ಸಮಿ.

"ಈ ಊರು ಎಷ್ಟು ಚೆನ್ನಾಗಿದೆ, ಇನ್ನೊಂದು ತಿಂಗಳು ಇರೋಣ ಅಂತಿದಾನೆ." ಚಂತಲಾ ಹುಬ್ಬು ಗಂಟಿಕ್ಕಿದಳು. ಫೆಮ್ಕೆಯನ್ನು ಕರೆದು, ಅಂಗಿಯ ತೋಳು ಹಿಡಿದು ಏನೋ ಕೇಳಿದಳು. ಉತ್ತರ ಕೇಳಿ ಹಣೆ ಹಣೆ ಚಚ್ಚಿಕೊಂಡಳು.

"ಅಕ್ಕಾ! ಈ ಅಂಗಿ ಅವನ್ದಂತೆ!"

"ಇವಳು ಹಾಕ್ಕೊಂಡಿದ್ಳಲ್ಲೇ!"

"ಕೈಗೆ ಸಿಕ್ಕಿದ್ದು ಹಾಕ್ಕೊಳ್ಳೋದಂತೆ. ಇವತ್ತು ಅವನು, ನಾಳೆ ಇವಳು. ಇಷ್ಟು ವರ್ಷದಿಂದ ಎಲ್ಲೆಲ್ಲಿ ಬೀಳಿಸ್ಕೊಂಡು ಬಂದಿದ್ನೋ, ಅವನ ಖ್ವಾನ್‌ನೆಲ್ಲ ಗೋರಿ ತಂದಿದೀಯ ನೀನು!"

ಲತ್ಸಮಿಯ ಕೈಯಲ್ಲಿದ್ದ ಬಟ್ಟೆ ಕ್ಲಿಪ್ಪು ಕೆಳಗೆ ಬಿತ್ತು. ಹೆಂಗಸು ಗಂಡಸಿನ ಅಂಗಿ ತೊಡುತ್ತಾಳೆ, ಗಂಡಸು ಅದನ್ನೇ ಮತ್ತೆ ತೊಡುತ್ತಾನೆ ಎಂಬುದು ಅವಳ ತಲೆಗೆ ಹೊಳೆದೇ ಇರಲಿಲ್ಲ. ಅವಳ ಊರಿನಲ್ಲಿ ಯಾರ ತಲೆಗೂ ಹೊಳೆಯುತ್ತಿರಲಿಲ್ಲ. ಚಂತಲಾ ನಗಲು ಶುರುಮಾಡಿದವಳು ಲತ್ಸಮಿಯ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದಳು.

ಈಗ ಎಲ್ಲ ತಲೆಕೆಳಗಾಗಿತ್ತು. ಹೋಗೋಣ ಎನ್ನುತ್ತಿದ್ದವನು ಇರೋಣ ಎನ್ನುತ್ತಿದ್ದ. ಫೆಮ್ಕೆ ಒಂದೇ ಸಮನೆ ತಲೆಯಲ್ಲಾಡಿಸಿ, ನಾಳೆ ಬೆಳಗಿನ ಬಸ್ಸಿಗೇ ಹೋಗಬೇಕು, ಈ ನೀರಿನ ಸದ್ದು ಕೇಳಿಕೊಂಡು ಇರಲಾರೆ ಎನ್ನುತ್ತಿದ್ದಳು. ಚೀಲ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡುತ್ತಿದ್ದಳು.

"ಅವಳೊಬ್ಬಳದೇ ಅಂತ ಏನಿದೆ ಕೇಳು. ಅವನು ಒಂದು ದಿನಾನೂ ತೊಡದೇ ಇರೋದು," ಎಂದಳು ಲತ್ಸಮಿ.

ಫೆಮ್ಕೆ ಚೀಲವನ್ನೆಲ್ಲ ಚಾಪೆಯ ಮೇಲೆ ಸುರಿದಳು. ಅಂಗಿ ಇಬ್ಬರದು, ಚಡ್ಡಿ ಇಬ್ಬರದು, ಟೋಪಿ ಇಬ್ಬರದು. ತಳದಲ್ಲಿ ಕಪ್ಪು ಬಟ್ಟೆ, ಕೆಂಪು ನಾಗ. ಆ ಸಿನ್ ಮಾತ್ರ ಅವಳದು.

ಚಂತಲಾ ಲತ್ಸಮಿಯ ಮುಖ ನೋಡಿದಳು. ಆಮೇಲೆ ಸೂರಿನ ಕೆಳಗಿನ ಬಲೆ ನೋಡಿದಳು.

"ಬೇಡ ಅಕ್ಕಾ. ಬೇರೆ ಯಾರ್ದಾದ್ರೂ ಬಲೆ ಕೇಳಿ ತರ್ತೀನಿ."

"ಸಿನ್ ಇಡೋಕೆ ಅಂದ್ರೆ ಯಾರು ಕೊಡ್ತಾರೆ? ನೀನಾದ್ರೆ ಕೊಡ್ತೀಯಾ?"

"ಹೊಸದು ತಂದ್ರೆ?"

"ಮೀನು ಕಾಣದ ಬಲೆಗೆ ಖ್ವಾನ್ ಹ್ಯಾಗೆ ಕಾಣುತ್ತೆ? ಅತ್ತೆ ಅಷ್ಟೂ ಹೇಳ್ಕೊಡದೆ ಹೋದ್ಲಾ?"

ಬಿಸಿಲು ಇಳಿಯುವ ತನಕ ಲತ್ಸಮಿ ಕಾಲಿಗೆ ಬಿಡುವು ಕೊಡಲಿಲ್ಲ. ಒಣಗದ ಬಟ್ಟೆ ಮಡಚಿದಳು, ಮಡಚಿದ್ದನ್ನು ಮತ್ತೆ ತಂತಿಗೆ ಹಾಕಿದಳು. ಬೇಲಿಯಾಚೆ ಹುಡುಗಿ ಗೇಟಿಗೂ ಬಾಗಿಲಿಗೂ ನಡೆಯುತ್ತಿದ್ದಳು, ಬೇಲಿಯೀಚೆ ಇವಳು. ಚಂತಲಾ ನಡುವೆ ನಿಂತು ಅತ್ತ ಒಮ್ಮೆ ಇತ್ತ ಒಮ್ಮೆ ನೋಡಿದಳು.

"ಗಡಿಯಾರದ ಲೋಲಕ ನೋಡಿದ ಹಾಗಾಯ್ತು ನಂಗೆ," ಎಂದಳು. ಆಮೇಲೆ ದನಿ ತಗ್ಗಿಸಿದಳು. "ಅಕ್ಕಾ, ಬೈಬೇಡ. ಊರೋರ್ದೆಲ್ಲ ಗೋರ್ತೀಯ. ಸೇತುವೆ ಕೆಳಗೆ ನಿಂದೇ ಒಂದು ಬಿದ್ದಿದೆ ಅಂತ ಎಲ್ರಿಗೂ ಗೊತ್ತು. ಆಚೆ ದಡದ ಹಳ್ಳೀಲಿ ಗೋರೋಳೊಬ್ಳು ಇದಾಳೆ, ಕರ್ಕೊಂಡು ಬರ್ತೀನಿ ಅಂದ್ರೆ ಒಂದಿನಾನೂ ಹೂಂ ಅನ್ನಲಿಲ್ಲ ನೀನು."

"ಇರ್ಲಿ ಬಿಡು."

"ಯಾಕಿರ್ಬೇಕು?"

"ಅವನೊಬ್ಬನೇ ಇದಾನಲ್ಲೇ ಅಲ್ಲಿ. ಏನೋ ಹೇಳ್ಬೇಕು ಅಂತ ತಿರುಗಿದ್ದ. ಅದು ಅಲ್ಲೇ ಇದ್ರೆ ಕೇಳಿಸ್ಕೊಳ್ಳುತ್ತೆ. ಜೊತೆಗಿರ್ಲಿ."

ಚಂತಲಾ ಬೇಲಿ ದಾಟಿ ತನ್ನ ಮನೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಆ ಕಡೆಯಿಂದ ಅವಳ ಮುರುಕು ಇಂಗ್ಲಿಷೂ ಫೆಮ್ಕೆಯ ಮೆಲುದನಿಯೂ ಕೇಳಿಬಂದವು.

ಲತ್ಸಮಿ ಬಲೆಯನ್ನು ಇಳಿಸಿ ಮುಂದೆ ಇಟ್ಟುಕೊಂಡಳು. ನೂಲು ಅಲ್ಲಲ್ಲಿ ಹೊಸದು, ಅವಳೇ ಹೆಣೆದದ್ದು. ಹಿಡಿಕೆ ಮಾತ್ರ ಅವನದೇ, ಅವನ ಅಂಗೈ ಉಜ್ಜಿ ಉಜ್ಜಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಬರುವ ಹುಣ್ಣಿಮೆಗೆ ಮೀನಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಪೇಟೆಯ ಮೀನು ಹಾಕಿದರೆ, ಇದು ಯಾರ ಮನೆಯದು ಎಂದು ಅವನು ಕೇಳಿಯಾನು. "ನೀನಿದ್ದಿದ್ರೆ ಕುಣಿದುಬಿಡ್ತಿದ್ದೆ," ಎಂದು ಅವಳು ಹಿಡಿಕೆಗೆ ಹೇಳಿದಳು. "ಆದ್ರೆ ಆ ಹುಡುಗಿ ನಡೆಯೋದನ್ನ ನೋಡಿದ್ರೆ ನೀನೇ ಕೊಡ್ತಿದ್ದೆ. ನನ್ನ ಥರಾನೇ ನಡೀತಾಳೆ. ನಂಗೆ ಅರವತ್ತು ದಾಟಿತು, ಅಭ್ಯಾಸ ಆಯ್ತು. ಅವಳು ಎಷ್ಟು ವರ್ಷ ಅಂತ ನಡೀಬೇಕು?"

ಬೆಳಗಿನ ಕೋಳಿ ಕೂಗುವಾಗ ಅವಳು ಬೇಲಿಯ ಹತ್ತಿರ ನಿಂತು ಹುಡುಗಿಯನ್ನು ಕರೆದಳು. ಈ ಸಲ ಫೆಮ್ಕೆಯೂ ಬಂದಳು. ಮಡುವು ಕಂಡದ್ದೇ ಅವಳ ಹೆಜ್ಜೆ ಹಿಂದೆ ಸರಿಯಿತು. ಚಂತಲಾ ಸೊಂಟ ಹಿಡಿದು ನಿಲ್ಲಿಸಿಕೊಂಡಳು. ಅಟ್ಟದ ಮೇಲಿದ್ದ ಸೋಮ್‌ಫೆಟ್ ಬಲೆಯಲ್ಲಿ ಸಿನ್ ಇರುವುದನ್ನು ನೋಡಿ, ಕೈಯಲ್ಲಿದ್ದ ಪೊರಕೆ ಕೆಳಗಿಟ್ಟ.

"ಅತ್ತಿಗೇ, ಅದು ಇನ್‌ಪೆಂಗಣ್ಣನ ಬಲೆ ಅಲ್ವಾ?"

"ಹೌದು."

"ಕೆಟ್ಟುಹೋಗುತ್ತಲ್ಲ ಅತ್ತಿಗೇ."

"ನೀನು ಹೊಳೇನೇ ಕೆಡಿಸಿದೀಯ, ನಿಂಗ್ಯಾಕೆ ಬಲೆ ಚಿಂತೆ? ಹಾಡು ನಿಲ್ಸು."

ಸೋಮ್‌ಫೆಟ್ ಹಾಡು ನಿಲ್ಲಿಸಿ ತಲೆ ತಗ್ಗಿಸಿಕೊಂಡು ನಿಂತ.

ಲತ್ಸಮಿ ಬಾಗಿದಳು. "ಬಾರೇ ಫೆಮ್ಕೆಯ ಖ್ವಾನೇ, ಬಾ. ನಿನ್ನೆ ತಪ್ಪು ಬಾಗಿಲು ತಟ್ಟಿದೆ, ಕೋಪ ಮಾಡ್ಕೋಬೇಡ. ಇದು ನಿನ್ನದೇ ಸಿನ್, ನಾನೇ ಉಡಿಸಿದ್ದು. ತುಂಡಾದ್ರೂ ನಿನ್ನದೇ. ಇದಕ್ಕೆ ಬಾ, ಇದರ ಜೊತೆ ಎಲ್ಲಿಗಾದ್ರೂ ಹೋಗು." ಸಿನ್ ನೀರು ಕುಡಿದು ಭಾರವಾಯಿತು. ಎರಡನೆಯ ಸಲ ಗೋರುವಾಗ ಫೆಮ್ಕೆ ಪಕ್ಕದಲ್ಲಿ ಬಂದು, ಹಿಡಿಕೆಗೆ ಕೈಹಾಕದೆ ಬರೀ ಬಾಗಿ, "ಬಾ, ಬಾ" ಎಂದು ತಾನೂ ಕರೆದಳು. ಮೂರನೆಯ ಸಲಕ್ಕೆ ಅವಳ ಹಲ್ಲು ಕಟಕಟಿಸುವುದು ನಿಂತಿತ್ತು.

ಹಿಂದೆ ನೋಡದೆ, ಮಾತಾಡದೆ ಮೂವರೂ ಬಂದರು. ನೂಡಲ್ಸ್ ಅಂಗಡಿಯವಳು ಬಾಯಿ ತೆರೆದವಳು ಬಲೆಯೊಳಗಿನ ಸಿನ್ ನೋಡಿ ಹಾಗೇ ಮುಚ್ಚಿಕೊಂಡಳು.

ಒದ್ದೆ ಸಿನ್ ಸುತ್ತಿಕೊಂಡೇ ಫೆಮ್ಕೆ ಹಿತ್ತಲಿನ ಚಾಪೆಯ ಮೇಲೆ ಕೂತಳು. ಅನ್ನವನ್ನು ಬೆರಳಲ್ಲಿ ಉಂಡೆ ಮಾಡಿ ತಿಂದಳು, ಇನ್ನೊಂದು ತಿಂದಳು, ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ನೂಲು ಕಟ್ಟುವಷ್ಟರಲ್ಲಿ ಅವಳ ಕತ್ತು ವಾಲಿತು. ಬೋಗುಣಿಗೆ ಒರಗಿಕೊಂಡು ಕೂತಲ್ಲೇ ನಿದ್ದೆಹೋದಳು. ಬಾಯಿ ಅರ್ಧ ತೆರೆದಿತ್ತು. ಲತ್ಸಮಿ ಕೋಳಿಗಳನ್ನು ಸದ್ದಿಲ್ಲದೆ ಓಡಿಸುತ್ತ ಅವಳ ಸುತ್ತ ಸುತ್ತಿದಳು.

ಬಸ್ಸಿನವನು ಗೇಟಿನಲ್ಲಿ ಹಾರನ್ ಹೊಡೆದಾಗ ಯೋರಿಸ್ ಎರಡೂ ಚೀಲ ಹೊತ್ತು ನಿಧಾನಕ್ಕೆ, ಮದುವೆಮನೆಯಿಂದ ಹೊರಡುವವನ ಹಾಗೆ ಬಂದ. ಫೆಮ್ಕೆ ಎದ್ದಳು. ಹಾರನ್‌ಗೆ ಬೆಚ್ಚಲಿಲ್ಲ. ಬಂದು ಲತ್ಸಮಿಗೆ ಎರಡೂ ಕೈ ಜೋಡಿಸಿದಳು. ಆಮೇಲೆ ಗೇಟಿಗೆ ಹೋಗುವ ಬದಲು ಬೇಲಿಗೆ ಒರಗಿಸಿದ್ದ ಬಲೆಯನ್ನು ತಾನೇ ಎತ್ತಿಕೊಂಡಳು. ಹಿಡಿಕೆಯನ್ನು ಲತ್ಸಮಿ ಹಿಡಿಯುವ ಹಾಗೆಯೇ, ಕೈಚಾಚಿ ದೂರ ಹಿಡಿದಳು. ಇನ್ನೊಂದು ಕೈಯಿಂದ ಕೆಳತಂತಿಯ ಮೇಲೆ ಒಣಗುತ್ತಿದ್ದ ಲತ್ಸಮಿಯ ಹಳೆಯ ಸಿನ್ ಎಳೆದು ಬಲೆಗೆ ಹಾಕಿಕೊಂಡಳು. ಚಂತಲಾಳಿಗೆ ಏನೋ ಹೇಳಿದಳು.

"ಏನಂತೆ? ಏನು ಮಾಡ್ತಿದಾಳೆ ಇವಳು?" ಲತ್ಸಮಿಯ ದನಿ ಏರಿತು. "ಬಸ್ಸು ಹೋಗುತ್ತೆ, ಹೇಳೇ."

"ಬಲೆ ಹೇಗೂ ಕೆಟ್ಟಾಯ್ತಲ್ಲ ಅಂತಾಳೆ," ಎಂದಳು ಚಂತಲಾ, ಮುಖ ಬೇರೆ ಕಡೆ ತಿರುಗಿಸಿಕೊಂಡು. "ಬಸ್ಸು ಕಾಯ್ಲಿ ಅಂತಾಳೆ. ಕರೆಯೋ ಮಾತು ಒಂದು ಕಲ್ತಿದೀನಿ, ಸಾಲದಿದ್ರೆ ಮಿಕ್ಕಿದ್ದು ದಾರೀಲಿ ಹೇಳ್ಕೊಡು ಅಂತಾಳೆ."

ಬಸ್ಸಿನವನು ಮತ್ತೆ ಹಾರನ್ ಹೊಡೆದ. ಲತ್ಸಮಿ ಬಲೆ ಕಿತ್ತುಕೊಳ್ಳಲೆಂದು ಎರಡು ಹೆಜ್ಜೆ ಹಾಕಿದಳು. ಅವಳ ಕಾಲು ಅಲ್ಲೇ ನಿಂತಿತು.

ಫೆಮ್ಕೆ ಹೊಳೆಯ ಕಡೆ ಗದ್ದ ತೋರಿಸಿ, ಚಂತಲಾಳನ್ನು ನಡುವೆ ಬಿಡದೆ, ಕೇಳಿ ಕಲಿತ ಲಾವೋ ಮಾತಿನಲ್ಲಿ ತಾನೇ ಕೇಳಿದಳು.

"ನಿಂದು ಎಲ್ಲಿ ಬಿತ್ತು, ಅಮ್ಮ? ತೋರ್ಸು."